ಲೇಸರ್ ಶಾಖದ ಚಿಕಿತ್ಸೆಗಾಗಿ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದೇ?

ಕಾರ್ಕಳದಲ್ಲಿರುವ ನಿಮ್ಮ ತಂದೆಯವರ ಕೆನ್ನೆಯ ಒಳಭಾಗದ ಕ್ಯಾನ್ಸರಿಗೆ ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಗಿದ್ದರೂ, ಬೆಳಕಿನ ಶಾಖದಿಂದ ಗಡ್ಡೆಯಲ್ಲೇ ಔಷಧವನ್ನು ಬಿಡುಗಡೆ ಮಾಡುವ ಹೊಸ ವಿಧಾನಕ್ಕಾಗಿ ಕಾಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ.

ಆ ವಿಧಾನದ ತತ್ತ್ವ ನಿಜಕ್ಕೂ ಭರವಸೆಯದು. ಚಿನ್ನದ ಲೇಪವಿರುವ ನ್ಯಾನೋಕಣಗಳು, ಅಂದರೆ ಅತಿ ಸೂಕ್ಷ್ಮ ಕಣಗಳು, ಸುಮಾರು 700ರಿಂದ 900 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತವೆ. ಸುತ್ತಲಿನ ಅಂಗಾಂಶದ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ, ಶಾಖಕ್ಕೆ ಸ್ಪಂದಿಸುವಂತೆ ರೂಪಿಸಿದ ಲೈಪೋಸೋಮ್‌ಗಳ (ಔಷಧ ತುಂಬಿದ ಅತಿ ಸಣ್ಣ ಗುಳ್ಳೆಗಳ) ಕೊಬ್ಬಿನ ಪೊರೆ ಸಡಿಲಗೊಂಡು, ಒಳಗಿರುವ ಡಾಕ್ಸೋರುಬಿಸಿನ್‌ನಂತಹ ಔಷಧ ಅಲ್ಲೇ ಹೊರಬರುತ್ತದೆ. ಮೇಲಾಗಿ, ಕ್ಯಾನ್ಸರ್ ಕೋಶಗಳು ತಮ್ಮ ಡಿಎನ್‌ಎಗಾದ ಹಾನಿಯನ್ನು ಸರಿಪಡಿಸಿಕೊಳ್ಳದಂತೆ ಶಾಖವೇ ಅಡ್ಡಿಪಡಿಸುವುದರಿಂದ ಔಷಧದ ಪರಿಣಾಮ ಹೆಚ್ಚುತ್ತದೆ. ಆದರೆ ಇಂತಹ ಬೆಳಕು ಅಂಗಾಂಶದೊಳಗೆ ಹೆಚ್ಚು ಆಳಕ್ಕೆ ಇಳಿಯದು. ಬಾಯಿಯ ಕ್ಯಾನ್ಸರ್ ಹರಡುವುದೆಂದು ನಾವು ಅತಿಯಾಗಿ ಅಂಜಬೇಕಾದ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಅದು ನಿಭಾಯಿಸಲಾರದು.

ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಚಿನ್ನದ ಕಣಗಳ ಪ್ರಯೋಗ ಪ್ರಾಸ್ಟೇಟ್ ಕ್ಯಾನ್ಸರಿನ ಕೇವಲ 16 ರೋಗಿಗಳ ಮೇಲೆ ನಡೆದಿತ್ತು, ಅದರಲ್ಲೂ ಶಾಖವಷ್ಟೇ ಇತ್ತು. ಜಪಾನ್ 2020ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ, ಕೆಂಪು ಬೆಳಕಿನಿಂದ ಸಕ್ರಿಯವಾಗುವ ಔಷಧವೊಂದಕ್ಕೆ ಅನುಮತಿ ಕೊಟ್ಟಿತು, ನಿಜ; ಆದರೆ ಅಲ್ಲಿಯೂ ಅದು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಿಗೆ ಮೀಸಲು. ನಿಮ್ಮ ತಂದೆಯವರಿಗೆ ಶಸ್ತ್ರಚಿಕಿತ್ಸೆಯ ಅವಕಾಶ ಕೈಯಲ್ಲೇ ಇದೆ, ಅದನ್ನು ಕಳೆದುಕೊಳ್ಳಬಾರದು.

ಎಲೆ ಅಡಿಕೆಯನ್ನು ಇಂದೇ ಬಿಡಿಸಿ. ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯುವರೇ, ಬಳಿಕ ವಿಕಿರಣ ಚಿಕಿತ್ಸೆ ಬೇಕಾಗಬಹುದೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ.