ಕೆಲಸದಿಂದ ತೆಗೆದವರ ಪಾಲೂ ನನ್ನ ತಲೆಗೇ ಬಂದಿದೆ, ಹೇಗೆ ಬೇಡ ಅನ್ನಲಿ?

ಕಾರವಾರದ ನಿಮ್ಮ ಕಚೇರಿಯಲ್ಲಿ ಐವರಲ್ಲಿ ಇಬ್ಬರನ್ನು ತೆಗೆದರು, ಅವರ ಕೆಲಸವೂ ನಿಮ್ಮ ಮೇಜಿಗೆ ಬಂತು, ಬಾಯಿಬಿಟ್ಟರೆ ಮುಂದಿನ ಸರದಿ ನಿಮ್ಮದೇ ಎಂಬ ಹೆದರಿಕೆ ಅಂತ ಬರೆದಿದ್ದೀರಿ. ನಾನು ಶಿರಸಿಯ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವವ. ಹೋದ ವರ್ಷ ನಮ್ಮಲ್ಲೂ ಇದೇ ಆಯ್ತು.

ನಾನು ಮಾಡಿದ ಮೊದಲ ತಪ್ಪು ಬೈಕು ತಗೊಂಡದ್ದು. ಅಲ್ಲಿಯವರೆಗೆ ನಮ್ಮೂರ ಕೊನೇ ಬಸ್ಸು ಏಳಕ್ಕೆ, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಆಮೇಲೆ ಒಂಬತ್ತಾದರೂ ‘ನಿಮಗೇನು, ಗಾಡಿ ಇದೆಯಲ್ಲ’. ಬಿಲ್ಲು, ಗೋದಾಮಿನ ಸ್ಟಾಕು, ವಸೂಲಿ ಫೋನು ಎಲ್ಲ ಒಬ್ಬನೇ ಎಳೆದೆ. ಯಾವ ಕೆಲಸವೂ ನಿಲ್ಲದ್ದರಿಂದ ಇಬ್ಬರು ಹೋದದ್ದು ಯಜಮಾನರಿಗೆ ತಟ್ಟಲೇ ಇಲ್ಲ.

ನಾಲ್ಕನೇ ತಿಂಗಳು 20ರೊಳಗೆ ಹಾಕಬೇಕಿದ್ದ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ತೆರಿಗೆ ಲೆಕ್ಕ, ತಪ್ಪಿತು. ದಿನಕ್ಕೆ 50 ರೂಪಾಯಿ ದಂಡ ಹೋಗಲಿ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಬೈಗುಳ ನನಗೆ.

ಮರುದಿನದಿಂದ ಎರಡು ವಾರ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ದಿನಕ್ಕೆ ಹದಿಮೂರು ತಾಸು ಬಂತು. ಅದನ್ನು ಯಜಮಾನರ ಮುಂದಿಟ್ಟೆ. ‘ಆಗೂದಿಲ್ಲ’ ಅನ್ನಲಿಲ್ಲ. ‘ಇದರಲ್ಲಿ ಒಂಬತ್ತು ತಾಸಿನದ್ದು ಮಾಡ್ತೇನೆ. 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ 3ಬಿ, ಇವೆರಡು ಬಿಡೂ ಹಾಂಗಿಲ್ಲ. ಉಳಿದದ್ದರಲ್ಲಿ ಯಾವುದು ಬಿಡಲಿ, ನೀವೇ ಹೇಳಿ’ ಅಂದೆ. ತುಂಬ ಹೊತ್ತು ಪುಟ ತಿರುವಿದರು. ಕೊನೆಗೆ ಸ್ಟಾಕು ಎಣಿಕೆ ದಿನಾ ಬೇಡ, ಶನಿವಾರ ಸಾಕು ಅಂದರು. ವಸೂಲಿ ಫೋನು ತಾವೇ ಇಟ್ಟುಕೊಂಡರು. ಅದನ್ನೇ ಸಂಜೆ ವಾಟ್ಸಾಪಿನಲ್ಲಿ ‘ನೀವು ಹೇಳಿದ ಪ್ರಕಾರ’ ಅಂತ ಬರೆದು ಕಳಿಸಿದೆ. ಇದನ್ನು ಮಾತ್ರ ತಪ್ಪಿಸಬೇಡಿ. ಎರಡೇ ವಾರಕ್ಕೆ ‘ಸ್ಟಾಕು ಯಾಕೆ ಎಣಿಸಿಲ್ಲ’ ಅಂತ ಕೂಗಾಡಿದಾಗ ಆ ಮೆಸೇಜು ತೋರಿಸಿದೆ, ಸುಮ್ಮನಾದರು.

ನಮ್ಮ ಅಡಿಕೆ ತೋಟಕ್ಕೆ ಬರುವ ಕೊನೆಗೌಡ (ಮರ ಹತ್ತಿ ಕೊನೆ ಕೊಯ್ಯುವವ), ಕೊಳೆರೋಗಕ್ಕೆ ಮದ್ದು ಹೊಡೆಯಲು ಎಷ್ಟೇ ಅವಸರವಿದ್ದರೂ ಮರ ಒದ್ದೆಯಿದ್ದರೆ ಹತ್ತುವುದಿಲ್ಲ. ಅಪ್ಪ ಅದನ್ನು ಸೊಕ್ಕು ಅಂದದ್ದು ನಾನು ಕೇಳಿಲ್ಲ. ಕಚೇರಿಯಲ್ಲಿ ನಾನು ಒದ್ದೆ ಮರ ಹತ್ತಿದ್ದೇ ಹತ್ತಿದ್ದು.

ಕಾನೂನು ಕೇಳಿದ್ದೀರಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ತಾಸು ಅನ್ನುತ್ತದೆ, ಮೀರಿದ್ದಕ್ಕೆ ಎರಡು ಪಟ್ಟು ಸಂಬಳ. ಮ್ಯಾನೇಜರ್ ದರ್ಜೆಯವರಿಗೆ ಇದು ಬಾರದು, ನಿಮ್ಮ ಹುದ್ದೆ ಯಾವುದು ನೋಡಿಕೊಳ್ಳಿ. ನಾನು ಅದನ್ನು ಎತ್ತಲಿಲ್ಲ. ಸಣ್ಣ ಊರು, ನಾಳೆ ಮುಖ ನೋಡಬೇಕು. ಆದರೆ ಒಂಬತ್ತು ತಾಸು ಅನ್ನುವ ಲೆಕ್ಕ ತೆಗೆದದ್ದು ಅಲ್ಲಿಂದಲೇ.

ತೆಗೆದುಬಿಟ್ಟರೆ ಅಂತ ಕೇಳಿದ್ದೀರಿ. ತೆಗೆಯಬಹುದು, ಇಲ್ಲ ಅನ್ನಲಾರೆ. ನಮ್ಮಲ್ಲಿ ತೆಗೆದ ಇಬ್ಬರಲ್ಲಿ ಒಬ್ಬರು ದಿನಾ ರಾತ್ರಿ ಹತ್ತರವರೆಗೆ ಕೂತು ಕೆಲಸ ಮಾಡುತ್ತಿದ್ದವರೇ.