ಇಟಲಿಯ ಫ್ಲಾರೆನ್ಸ್ ಊರಿನ ಕೆಥೆಡ್ರಲ್ ಚರ್ಚಿನ ಆ ದೊಡ್ಡ ಗುಮ್ಮಟನ ಸೆಂಟ್ರಿಂಗ್ (ಕೆಳಗಿಂದ ಕೊಡೋ ಮರದ ಆಸರೆ) ಇಲ್ದೆ ಹೆಂಗೆ ಕಟ್ಟಿದ್ರು? ಹೋದವ್ರು ಅದನ್ನ ಕಣ್ಣಾರೆ ನೋಡಬಹುದಾ?

ಇಟ್ಟಿಗೆ ಜೋಡಿಸಿದ ರೀತಿಯಿಂದಾನೇ ಅದು ಸಾಧ್ಯ ಆಗಿದ್ದು, ಮತ್ತೆ ಹೌದು, ಮೇಲೆ ಹತ್ತಿದ್ರೆ ಕೈಗೆ ಸಿಗೋ ದೂರದಲ್ಲೇ ನೋಡಬಹುದು. ಗುಮ್ಮಟ ಸುಮಾರು 45 ಮೀಟರ್ ಅಗಲ, ಇರೋದೂ ತುಂಬಾ ಎತ್ತರದಲ್ಲಿ, ಅಲ್ಲಿಗೆ ನೆಲದಿಂದ ಮರದ ಆಸರೆ ಕೊಡೋದು ಆಗದ ಮಾತು, ಹಂಗಾಗಿ 1420ರಲ್ಲಿ ಕೆಲಸ ಶುರು ಮಾಡಿದ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಇಟ್ಟಿಗೆಯ ಒಂದೊಂದೇ ಸುತ್ತು ಕಟ್ಟಿಸ್ತಾ ಮೇಲೆ ಹೋದ. ಸುತ್ತು ಪೂರ್ತಿ ಆದ್ಮೇಲೆ ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡ್ಕೊಳ್ತವೆ, ಒಳಗೆ ಬೀಳೋಕೆ ಜಾಗಾನೇ ಇರಲ್ಲ.

ತೊಂದ್ರೆ ಇರೋದು ಸುತ್ತು ಮುಗಿಯೋ ತನಕ. ಗಾರೆ ಇನ್ನೂ ಹಸಿ, ಸಾಲು ಒಳಗಡೆ ವಾಲಿರುತ್ತೆ, ಇಟ್ಟಿಗೆ ಜಾರುತ್ತೆ. ಅದಕ್ಕೆ ಮಲಗಿಸಿದ ಇಟ್ಟಿಗೆಗಳ ಮಧ್ಯೆ ಅಲ್ಲಲ್ಲಿ ಒಂದನ್ನ ನಿಲ್ಸಿದ್ದಾರೆ, ಅದು ಕೆಳಗಿನ ಗಟ್ಟಿಯಾದ ಸಾಲಿಗೆ ಕಚ್ಕೊಂಡು ಪಕ್ಕದವು ಜಾರದ ಹಾಗೆ ತಡೆಯುತ್ತೆ, ಇದೇ ನಿಜವಾದ ಜಾಣತನ ಅಂತೀನಿ ನಾನು.

ಗುಮ್ಮಟಕ್ಕೆ ಎರಡು ಪದರ ಇದೆ, 463 ಮೆಟ್ಟಿಲಲ್ಲಿ ಕೊನೇ ಭಾಗ ಅವೆರಡರ ನಡುವೆನೇ ಹೋಗುತ್ತೆ, ಅಲ್ಲಿ ನಿಧಾನವಾಗಿ ಹತ್ತಿ, ಪಕ್ಕದ ಗೋಡೇಲಿ ಈ ನಿಂತ ಇಟ್ಟಿಗೆಗಳು ಓರೆಯಾಗಿ ಮೇಲೇರೋದು ಕಾಣುತ್ತೆ. ಲಿಫ್ಟ್ ಇಲ್ಲ, ಟೈಮ್ ಸ್ಲಾಟ್ ಮೊದಲೇ ಬುಕ್ ಮಾಡ್ಕೊಳ್ಳಿ.