ಹನ್ನೊಂದನೇ ಪುಟದವರೆಗಿನ ಪೆನ್ಸಿಲ್ ಗುರುತು

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮುಂಬೈ ಪಕ್ಕದ ಡೊಂಬಿವಲಿಯ ಈ ಮಹಿಳೆಗೆ 47 ವರ್ಷ. ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬಂದದ್ದು ನಿದ್ದೆ ಬರಲ್ಲ ಅಂತ. ಆಫೀಸು, ಮಗನ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲ ಹೇಳಿ, ಎದ್ದು ಹೊರಡುವಾಗ "ಇನ್ನೊಂದು ಸಣ್ಣ ವಿಷಯ ಮೇಡಂ, ಹೇಳಿದ್ರೆ ನಗ್ತೀರಿ" ಅಂದರು. ಬಾಗಿಲ ಹತ್ತಿರ ಬರುವ ಮಾತೇ ಎಷ್ಟೋ ಸಲ ಅಸಲು ವಿಷಯ. ಮತ್ತೆ ಕೂರಿಸಿದೆ.

ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ಇವರಿಗೆ ಯಶವಂತ ಚಿತ್ತಾಲರ 'ಶಿಕಾರಿ' ಸಿಕ್ಕಿತ್ತು. 1979ರ ಕಾದಂಬರಿ, ಆದರೂ ಇದೇ ಮುಂಬೈಯಲ್ಲಿ ನಾಗಪ್ಪನಿಗೆ ಕಂಪನಿಯವರಿಂದ ಆಗುವ ದಿಗಿಲು ಓದಿ 'ಅರೆ, ಇದು ನಮ್ಮ ಆಫೀಸೇ' ಅನ್ನಿಸಿತಂತೆ. ಮುಗಿಸಿದ ಮರುದಿನವೇ, 15 ವರ್ಷದಿಂದ ಲೋಕಲ್ ರೈಲಿನಲ್ಲಿ ಜೊತೆಗೆ ಹೋಗಿಬರುವ ಗೆಳತಿಯ ಚೀಲಕ್ಕೆ ತುರುಕಿದರು. ಆಮೇಲೆ ದಿನಾ ಒಂದೇ ಪ್ರಶ್ನೆ, "ಓದಿದ್ಯಾ? ಹೇಗಿದೆ?" "ಓದ್ತಿದೀನಿ ಮಾರಾಯ್ತಿ." ಎಂಟು ತಿಂಗಳಾದ ಮೇಲೆ ಗೆಳತಿ ಪುಸ್ತಕ ವಾಪಸ್ ಕೊಟ್ಟು "ಚೆನ್ನಾಗಿದೆ" ಅಂದಳು. ಅಷ್ಟೇ. ಇವರು ಬೇರೆ ಗಾಡಿ ಹಿಡಿಯತೊಡಗಿದರು.

ಮಂಡಿನೋವಿನ ಕತೆ ಹೇಳುವಾಗ ಇದ್ದ ದನಿ ಬೇರೆ, ನಾಗಪ್ಪನ ಕತೆ ಹೇಳುವಾಗಿನ ದನಿಯೇ ಬೇರೆ, ಕೈ ಕೂಡ ಒಂದು ಕಡೆ ನಿಲ್ಲುತ್ತಿರಲಿಲ್ಲ. ಇಷ್ಟು ಖುಷಿ ಒಳಗೇ ಉಳಿದರೆ ಕಹಿಯಾಗದೇ ಇರುತ್ತಾ?

ಮುಂದಿನ ಸಲ ಪುಸ್ತಕ ತರಲು ಹೇಳಿದೆ. "ನೋಡಿ, ಗೀಚಿ ಬೇರೆ ಇಟ್ಟಿದ್ದಾಳೆ" ಅಂತ ತೆರೆದು ತೋರಿಸಿದರು. ಒತ್ತಕ್ಷರ ಇರುವ ಪದಗಳ ಮೇಲೆಲ್ಲ ಪೆನ್ಸಿಲ್‌ನಲ್ಲಿ ಸಣ್ಣಗೆ ದೇವನಾಗರಿ. ಹನ್ನೊಂದನೇ ಪುಟದವರೆಗೆ. ಅಲ್ಲಿಂದಾಚೆ ಏನೂ ಇಲ್ಲ.

"ಅವರು ಓದಿದ್ದು ಯಾವ ಮೀಡಿಯಂ?"

"ಮರಾಠಿ" ಅಂದವರು ಪುಟವನ್ನೇ ನೋಡುತ್ತಾ ಕೂತುಬಿಟ್ಟರು.

ಮುಂಬೈಯಲ್ಲಿ ಇದೇನು ಹೊಸದಲ್ಲ. ಮನೆಯಲ್ಲಿ ಕುಂದಾಪುರದ ಕನ್ನಡ ಪಟಪಟ ಮಾತಾಡುವವರಲ್ಲಿ ಎಷ್ಟೋ ಜನ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತೇ ಇಲ್ಲ. ಹೇಳಿಕೊಳ್ಳಲು ನಾಚಿಕೆ.

ನಾನು ಹೇಳಿದ್ದು ಇಷ್ಟು. ಹಳೇ ಗಾಡಿಗೇ ಹೋಗಿ. ಪೆನ್ಸಿಲ್ ವಿಷಯ ಎತ್ತಬೇಡಿ, ಅವರೇ ಹೇಳಿದರೆ ಹೇಳಲಿ. 'ಹೇಗಿದೆ' ಅಂತ ಮಾತ್ರ ಕೇಳಲೇಬೇಡಿ, ಅದು ಗೆಳತಿಯ ಕೈಗೆ ಪರೀಕ್ಷೆ ಪೇಪರ್ ಕೊಟ್ಟ ಹಾಗೆ. ಸೀಟು ಸಿಕ್ಕ ದಿನ ಸುಮ್ನೆ ಹನ್ನೆರಡನೇ ಪುಟ ತೆಗೆದು ಓದಿ ಹೇಳಿ, ನಾಲ್ಕು ಪುಟ ಸಾಕು, ಬೇಡ ಅಂದರೆ ನಿಲ್ಲಿಸಿ. ಹಾಗೇ, ಅವರಿಗೆ ಇಷ್ಟವಾದ ಪುಸ್ತಕ ಯಾವುದು ಅಂತ ಈ 15 ವರ್ಷದಲ್ಲಿ ಒಮ್ಮೆಯಾದರೂ ಕೇಳಿದ್ದೀರಾ? ಕೇಳಿರಲಿಲ್ಲ. (ನಾನೂ ಸಿಕ್ಕವರಿಗೆಲ್ಲ ಪುಸ್ತಕ ಹೊರಿಸುವವಳೇ, ಹಾಗಾಗಿ ಜಾಸ್ತಿ ಬೈಯಲಿಲ್ಲ.)

ತಿಂಗಳ ಮೇಲೆ ಬಂದರು. ಎರಡನೇ ದಿನವೇ ಗೆಳತಿ ಬಾಯಿಬಿಟ್ಟಿದ್ದಳು: "ಒಂದು ಪುಟಕ್ಕೆ ಕಾಲು ಗಂಟೆ ಆಗ್ತಿತ್ತು ಮಾರಾಯ್ತಿ, ನೀನು ನಗ್ತೀಯ ಅಂತ ಹೇಳಲಿಲ್ಲ." ಇವರ ಚೀಲದಲ್ಲಿ ಈಗ ಹಾಸ್ಯ ಲೇಖಕ ಪು.ಲ. ದೇಶಪಾಂಡೆಯವರ ಮರಾಠಿ ಪುಸ್ತಕ. ಥಾಣೆವರೆಗೆ ಗೆಳತಿ ಅದನ್ನು ಓದುತ್ತಾಳೆ, ನಗು ಬರುವ ಜಾಗಕ್ಕೆ ಮೊದಲೇ ತಾನೇ ನಕ್ಕು ಮಜಾ ಹಾಳು ಮಾಡುತ್ತಾಳಂತೆ. ಥಾಣೆಯಿಂದ ಮುಂದೆ ನಾಗಪ್ಪನ ಸರದಿ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಕೂರುವ ಮಂಗಳೂರಿನ ಹುಡುಗಿಯೊಬ್ಬಳು "ಆಂಟಿ, ನಿನ್ನೆ ಎಲ್ಲಿಗೆ ನಿಂತಿತ್ತು?" ಅಂತ ಕೇಳತೊಡಗಿದ್ದಾಳೆ.

ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಅತ್ತೆಯ ವಿಷಯ ಮಾತಾಡುವುದು ಬಾಕಿ ಇದೆ, ಮುಂದಿನ ವಾರ ಬರುತ್ತಾರೆ.